ಆರುನೂರು ಟವೆಲ್

ಒಳಾಂಗಣ ಫುಟ್‌ಬಾಲ್ ತಂಡವೊಂದನ್ನು ಸಾಕುವ ತಾಕತ್ತು ಈ ಊರಿಗಿದೆಯೇ ಎಂದು ನೋಡಿ ಹೋಗಲು ಲೀಗಿನ ಅಧಿಕಾರಿ ಅಂದು ಬರುವವರಿದ್ದರು. ಹಿಂದಿನ ಪಂದ್ಯಕ್ಕೆ ಬಂದವರು ಹನ್ನೊಂದು ಮಂದಿ; ಅದರಲ್ಲಿ ನಾಲ್ವರು ಗೋಲ್‌ಕೀಪರನ ಮನೆಯವರು. ಈ ಸಲವೂ ಹಾಗಾದರೆ ತಂಡಕ್ಕೆ ಬೀಗ.

ಮ್ಯಾನೇಜರ್ ಗುರುಶಾಂತಪ್ಪ ಆಟೋಗೆ ಮೈಕು ಕಟ್ಟಿ, 'ತಂಡ ಉಳಿಸಿಕೊಡಿ' ಎಂದು ಓಣಿ ಓಣಿಯಲ್ಲಿ ಸಾರಿಸಿದ್ದ. ಆದರೂ ಊರಿನ ಮೇಲೆ ಅವನಿಗೆ ನಂಬಿಕೆಯಿರಲಿಲ್ಲ. ಲಾಡ್ಜು, ಲಾಂಡ್ರಿಗಳಿಂದ ಟವೆಲ್ ಹೊರಿಸಿ ತಂದು, ಕ್ರೀಡಾಂಗಣದ ಆರುನೂರು ಕುರ್ಚಿಗೂ ಒಂದೊಂದು ಹಾಸಿಬಿಟ್ಟ. ಬಸ್ಸಾಗಲಿ, ಮದುವೆಯ ಪಂಕ್ತಿಯಾಗಲಿ, ಟವೆಲ್ ಬಿದ್ದ ಜಾಗದ ತಂಟೆಗೆ ಈ ಸೀಮೆಯಲ್ಲಿ ಯಾರೂ ಹೋಗುವುದಿಲ್ಲ.

ಅಧಿಕಾರಿ ಬಂದು ಕಣ್ಣಾಡಿಸಿದರು. "ಜನ ಎಲ್ರೀ?"

"ಜಾಗಾ ಹಿಡದಿಟ್ಟು ಚಾ ಕುಡ್ಯಾಕ ಹೋಗ್ಯಾರ್ರಿ ಸರ್. ಸೀಟಿ ಹೊಡದ ಕೂಡ್ಲೆ ಬರ್ತಾರ."

ಅಧಿಕಾರಿ ತಲೆದೂಗಿ ಕೂತರು. ರೆಫರಿ ಸೀಟಿ ಊದಿದ. ಹತ್ತು ನಿಮಿಷವಾಯಿತು, ಅರ್ಧ ಆಟವೂ ಮುಗಿಯಿತು. ಒಂದು ಟವೆಲ್ಲೂ ಅಲುಗಲಿಲ್ಲ. ಅಧಿಕಾರಿ ಫೈಲು ಮುಚ್ಚಿ ಎದ್ದು ಹೋದರು.

ಗುರುಶಾಂತಪ್ಪ ಪೆಚ್ಚು ಮೋರೆ ಹಾಕಿಕೊಂಡು ಬಾಗಿಲಿಗೆ ಬಂದ. ಮುದಿ ಕಾವಲುಗಾರ ಬೆವರು ಒರೆಸಿಕೊಳ್ಳುತ್ತ ಕೂತಿದ್ದ.

"ನೋಡಿದೇನು ಕಾಕಾ, ನಮ್ಮ ಊರ ಮಂದೀನ? ಒಬ್ಬರೂ ಬರಲಿಲ್ಲ."

"ಬರಲಿಲ್ಲ ಅಂತ ಯಾರಂದ್ರು ಸಾಹೇಬ್ರ? ಊರಿಗೆ ಊರೇ ಬಂದಿತ್ತು. ಬಾಗಿಲದಾಗಿಂದ ಇಣಿಕಿ ನೋಡಿ, ಜಾಗಾ ಎಲ್ಲಾ ಯಾರೋ ಮೊದಲ ಹಿಡದಾರ ಅಂತ ಹೊಳ್ಳಿ ಹೋದ್ರು."