ಕಿತ್ತಳೆ ಬಣ್ಣದ ಚೀಲ

ತಮ್ಮ ಜಾತಿಯವನಲ್ಲ ಎಂದು ಎರಡು ವರ್ಷ ಅಳಿಯನ ಮುಖವನ್ನೇ ನೋಡದಿದ್ದ ಮಾವ, ಒಂದು ದಿನ ತಾವಾಗಿಯೇ ಅವನನ್ನು ಕಡವೆ ಬೇಟೆಗೆ ಕರೆದರು. ಮಾಂಸ ಹೊತ್ತು ತರಲು ಬೆನ್ನುಚೀಲ ಕೊಡಿಸುತ್ತೇನೆಂದು ಪೇಟೆಯ ಅಂಗಡಿಗೂ ಕರೆದೊಯ್ದರು.

ಅಳಿಯ ಮಣ್ಣಿನ ಬಣ್ಣದ ಚೀಲವೊಂದನ್ನು ಎತ್ತಿಕೊಂಡ.

"ಅದು ಬೇಡ ಅಳಿಯಂದ್ರೇ," ಎಂದರು ಮಾವ. "ಪೊದೆ ಮರೇಲಿ ಅದು ಕಂಡ್ರೆ ಕಡವೆ ಅಂತ್ಲೇ ಅನ್ಸುತ್ತೆ. ನನ್ನ ಮಗ ಮೊದ್ಲೇ ಆತುರಗಾರ. ಈ ಕಿತ್ತಳೆ ಬಣ್ಣದ್ದು ತಗೊಳ್ಳಿ."

"ಇದನ್ನ ನೋಡಿ ಕಡವೆ ಓಡಲ್ವಾ ಮಾವ?"

"ಕಡವೆಗೆ ಈ ಬಣ್ಣ ತಿಳಿಯಲ್ಲ. ಮನುಷ್ಯರಿಗೆ ಎಷ್ಟು ದೂರದಿಂದ್ಲೂ ಕಾಣುತ್ತೆ."

ಚೀಲವನ್ನು ಅವನ ಬೆನ್ನಿಗೇರಿಸಿ, ಭಾರ ಸೊಂಟದ ಮೇಲೆ ಕೂರುವಂತೆ ಮಾವನೇ ಬಗ್ಗಿ ಪಟ್ಟಿ ಬಿಗಿದರು. ಅಳಿಯನ ಕಣ್ಣು ತುಂಬಿ ಬಂತು. ಅಂಗಡಿಯಿಂದ ಹೊರಗೆ ಬಂದವನೇ ಹೆಂಡತಿಗೆ ಫೋನ್ ಮಾಡಿ, "ನಿಮ್ಮಪ್ಪ ನನ್ನನ್ನ ಅಳಿಯಂದ್ರೇ ಅಂದ್ರು ಕಣೇ," ಎಂದ.

ಮೂರನೆಯ ದಿನ ಬೆಳಿಗ್ಗೆ ಕಾಡು ಹೊಕ್ಕರು. ಮಾವನೂ ಅವರ ಮಗನೂ ಕೋವಿ ಹಿಡಿದು ಗುಡ್ಡದ ಬುಡದಲ್ಲಿ ಒಬ್ಬರಿಂದೊಬ್ಬರು ಸ್ವಲ್ಪ ದೂರದಲ್ಲಿ ಕೂತರು. ಮೇಲೆ ಹತ್ತಿ, ಅಲ್ಲಿಂದ ಕಡವೆಯನ್ನು ಕೆಳಕ್ಕೆ ಅಟ್ಟುವ ಕೆಲಸ ಅಳಿಯನದು. ಮೂವರಿಗೂ ಒಂದೊಂದು ವಾಕಿಟಾಕಿ ಹಂಚಿ ಮಾವ ಹೇಳಿದ್ದರು, "ಯಾರು ಮಾತಾಡಿದ್ರೂ ಮೂವರಿಗೂ ಕೇಳುತ್ತೆ."

ಅಳಿಯ ಉತ್ಸಾಹದಿಂದ ಗುಡ್ಡ ಏರತೊಡಗಿದ. ಅರ್ಧ ದಾರಿಯಲ್ಲಿ ವಾಕಿಟಾಕಿ ಗರಗರ ಎಂದಿತು. ಮಾವ ಮಗನನ್ನು ಕೇಳುತ್ತಿದ್ದರು:

"ಕಿತ್ತಳೆ ಬಣ್ಣ ಸರಿಯಾಗಿ ಕಾಣ್ತಿದ್ಯೇನೋ?"

"ಚೆನ್ನಾಗಿ ಕಾಣ್ತಿದೆ ಅಪ್ಪ."

"ಮತ್ತಿನ್ನೇನು ನೋಡ್ತೀಯ, ಹೊಡಿ."