ಹಿರಿಯರಿಗೆ ಇಟ್ಟ ಕುರ್ಚಿ

ಬೈಲಹೊಂಗಲದ ಕಿರಾಣಿ ಅಂಗಡಿಯ ಮುಂದೆ ಮಾಸ್ಕ್ ಹಾಕಿಕೊಂಡು ಸಾಲಿನಲ್ಲಿ ನಿಂತಿದ್ದ ದುರ್ಗಾಳಿಗೆ ಕಣ್ಣು ಮಂಜಾಗತೊಡಗಿತು. ಬಾಗಿಲ ಪಕ್ಕದ ಖಾಲಿ ಕುರ್ಚಿಯನ್ನು ಹಿಡಿದುಕೊಂಡಳು.

“ತಂಗಿ, ಅದನ್ನ ವಯಸ್ಸಾದವರಿಗಂತ ಇಟ್ಟೇವಿ. ಹರೇದಾಕಿ, ನಿನಗ ನಿಂದ್ರಾಕ ಏನಾಗೇತಿ?” ಎಂದ ಅಂಗಡಿಯ ಭೀಮಶಿ.

ದುರ್ಗಾಳ ಹೃದಯದ ವಾಲ್ವ್ ಬದಲಿಸಿದ್ದು ಮನೆಯವರಿಗಷ್ಟೇ ಗೊತ್ತಿತ್ತು. ಮದುವೆಯಾಗುವ ತನಕ ಬಾಯಿ ಬಿಡಬೇಡ ಎಂದು ಅವ್ವ ಆಣೆ ಮಾಡಿಸಿಕೊಂಡಿದ್ದಳು. ಈಗ ಬೆನ್ನ ಹಿಂದೆಯೇ ನಿಂತಿದ್ದವಳು ಸೀತವ್ವ, ಹೋದ ವಾರ ದುರ್ಗಾಳನ್ನು ನೋಡಿ ಒಪ್ಪಿದ ಹುಡುಗನ ಸೋದರತ್ತೆ.

“ಯಾಕವಾ, ಆರಾಮ ಇಲ್ಲೇನು?” ಎಂದು ಸೀತವ್ವ ಕೇಳಿದಳು. ಆ ಮಾತಿಗೆ ಸಾಲಿನಲ್ಲಿದ್ದವರು ಕೊರೊನಾ ಇರಬೇಕೆಂದು ಹಿಂದೆ ಸರಿದರು.

ಆರಾಮ ಅದೀನ್ರಿ ಎಂಬ ಮಾತು ದುರ್ಗಾಳ ನಾಲಿಗೆಯವರೆಗೂ ಬಂತು. ಆದರೆ ಕಣ್ಣಿಗೆ ಕತ್ತಲೆ ಕವಿಯುತ್ತಿತ್ತು. “ನನ್ನ ಎದಿ ಆಪರೇಶನ್ ಆಗೇತ್ರಿ. ಭಾಳೊತ್ತು ನಿಂದ್ರಾಕ ಆಗೂದಿಲ್ರಿ,” ಎಂದು ಎಲ್ಲರಿಗೂ ಕೇಳುವಂತೆ ಹೇಳಿ ಕುಳಿತುಬಿಟ್ಟಳು.

ಭೀಮಶಿ ನೀರಿನ ಬಾಟಲಿ ಚಾಚಿದ. ಸೀತವ್ವ ಸಾಮಾನು ಕೊಳ್ಳದೆ ಸಾಲು ಬಿಟ್ಟು, ಫೋನನ್ನು ಕಿವಿಗೆ ಹಿಡಿದು ರಸ್ತೆ ದಾಟಿದಳು. ಅವಳು ಯಾರಿಗೆ ಏನು ಹೇಳುತ್ತಿದ್ದಾಳೆಂದು ದುರ್ಗಾಳಿಗೆ ಗೊತ್ತಿತ್ತು. ಆದರೂ ಅವಳು ಕುರ್ಚಿಯಿಂದ ಏಳಲಿಲ್ಲ.