ಕಾದಂಬರಿಯ ಅಪ್ಪ

ಸ್ವಾತಂತ್ರ್ಯಕ್ಕೂ ಮೊದಲು ಬಂದಿದ್ದ ಹೆಸರುವಾಸಿ ಕಾದಂಬರಿಯೊಂದು ಈಗ ಸಿನಿಮಾ ಆಗಿತ್ತು. ವಿದುಲಾ ಹಠ ಹಿಡಿದು ಅಪ್ಪ ಅಮ್ಮನನ್ನು ಕರೆದುಕೊಂಡು ಹೋದಳು.

ತೆರೆಯ ಮೇಲೆ ಬೇರೆ ಜಾತಿಯ ಮೇಷ್ಟರನ್ನು ಮೆಚ್ಚಿದ ಮಗಳನ್ನು ಶ್ಯಾನುಭೋಗರು ಹೊರಗೆ ದಬ್ಬಿ ಅಗುಳಿ ಹಾಕಿದಾಗ ವಿದುಲಾಳ ಅಪ್ಪ ಶ್ರೀಪತಿರಾಯರು ಕನ್ನಡಕ ತೆಗೆದು ಕಣ್ಣೊರೆಸಿಕೊಂಡರು. "ಇವನೂ ಒಬ್ಬ ಅಪ್ಪನಾ? ಕಟುಕ!" ಎಂದು ಅವರು ಗಟ್ಟಿಯಾಗಿ ಅಂದಿದ್ದಕ್ಕೆ ಮುಂದಿನ ಸಾಲಿನವರು ತಿರುಗಿ ನೋಡಿದರು. ಕೊನೆಗೆ ಆ ಜೋಡಿಯ ಮದುವೆಯಾದಾಗ ಎಲ್ಲರಿಗಿಂತ ಜೋರಾಗಿ ಚಪ್ಪಾಳೆ ತಟ್ಟಿದವರೂ ಅವರೇ.

ಆಮೇಲೆ ಹೋಟೆಲಿನಲ್ಲಿ ಮಸಾಲೆದೋಸೆಗೆ ಹೇಳಿ ಕೂತಾಗಲೂ ಅವರು ಆ ಸಿನಿಮಾದ ಮಾತನ್ನೇ ಆಡುತ್ತಿದ್ದರು.

"ಆ ಹುಡುಗಿ ಮಾಡಿದ್ದು ಸರಿನಾ ಅಪ್ಪಾ?" ವಿದುಲಾ ಕೇಳಿದಳು.

"ನೂರಕ್ಕೆ ನೂರು ಸರಿ. ನಾನಾಗಿದ್ದಿದ್ರೆ ಮುಂದೆ ನಿಂತು ಧಾರೆ ಎರೆದು ಕೊಡ್ತಿದ್ದೆ."

ಹೇಳಿಬಿಡು ಎನ್ನುವಂತೆ ಅಮ್ಮ ಮಗಳತ್ತ ನೋಡಿ ತಲೆಯಾಡಿಸಿದಳು.

"ನಮ್ಮ ಆಫೀಸಿನಲ್ಲಿ ಚೆಲುವರಾಜ್ ಅಂತ ಇದಾರಪ್ಪಾ. ನಮ್ಮ ಜಾತಿಯವರಲ್ಲ. ನಾವಿಬ್ರೂ ಮದ್ವೆ ಆಗ್ಬೇಕು ಅಂತಿದೀವಿ."

ರಾಯರು ಕೈಯಲ್ಲಿದ್ದ ನೀರಿನ ಲೋಟವನ್ನು ನಿಧಾನವಾಗಿ ಕೆಳಗಿಟ್ಟರು.

"ಅದೆಲ್ಲ ಆಗಿನ ಕಾಲಕ್ಕೆ ನಡೀತಿತ್ತು ಕಣಮ್ಮಾ. ಈ ಕಾಲದಲ್ಲಿ ಆಗುತ್ತಾ?"